ಪೂಜೆಗೆ ಕೂತ ಸರ್ವರ್

ಪವಾಡ, ಶಕುನ, ದೆವ್ವ ಎಂದು ಯಾರಾದರೂ ಬಾಯಿ ತೆರೆದರೆ, ಕಾಗಕ್ಕ ಗುಬ್ಬಕ್ಕನ ಕಥೆ ಸಾಕು ಎಂದು ಎದ್ದು ಹೋಗುತ್ತಿದ್ದವನು ನಾನು. ನನ್ನ ಕೆಲಸವೂ ಅದಕ್ಕೆ ತಕ್ಕಂಥದೇ. ಕಾರ್ಖಾನೆಗಳ ಸರ್ವರ್‌ನಲ್ಲಿರುವ ದಾಖಲೆ, ತಂತ್ರಾಂಶಗಳನ್ನು ಕ್ಲೌಡ್‌ಗೆ, ಅಂದರೆ ಎಲ್ಲೋ ದೂರದ ಡೇಟಾ ಸೆಂಟರಿನಲ್ಲಿ ಬಾಡಿಗೆಗೆ ಹಿಡಿದ ಯಂತ್ರಗಳಿಗೆ, ಸಾಗಿಸುವುದು. ಅಲ್ಲಿ ಎಲ್ಲಕ್ಕೂ ಕಾರಣವಿರುತ್ತದೆ. ಸಿಗದಿದ್ದರೆ ಹುಡುಕಿದ್ದು ಸಾಲದು ಅಷ್ಟೆ. ಇಂಥ ನನಗೇ ಆದದ್ದನ್ನು ಹೇಳುತ್ತಿದ್ದೇನೆ. ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಪಿಲ್ಲಗುಂಪೆಯಲ್ಲಿ ಲಾರಿಗಳ ಬ್ರೇಕಿಗೆ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದಿದೆ. ಒಡತಿ ಸರೋಜಮ್ಮ. ಅವರನ್ನು ಕ್ಲೌಡ್‌ಗೆ ಒಪ್ಪಿಸುವಷ್ಟರಲ್ಲಿ ನನಗೆ ಸಾಕುಬೇಕಾಗಿತ್ತು. “ಕಣ್ಗೆ ಕಾಣ್ದಿರೋ ಕಡೆ ಇಡ್ತೀನಿ ಅಂತೀಯ. ಹೋದ್ರೆ ಯಾರನ್ನ ಕೇಳ್ಲಪ್ಪಾ?” ಎಂದರು. “ನನ್ನನ್ನೇ ಕೇಳಿ ಅಮ್ಮಾ” ಎಂದೆ, ದೊಡ್ಡ ಧೀರನ ಹಾಗೆ.

ಮುಕ್ಕಾಲು ಭಾಗ ಮೊದಲೇ ಸಾಗಿಸಿಯಾಗಿತ್ತು. ಉಳಿದದ್ದು ಕಡೆಯ ಆರು ವಾರಗಳ ತಪಾಸಣೆಯ ದಾಖಲೆ, ಅಂದರೆ ಪ್ರತಿ ಬಿಡಿಭಾಗವನ್ನೂ ಅಳೆದು ಬರೆದಿಟ್ಟ ವಿವರ. ಅದಿಲ್ಲದಿದ್ದರೆ ಹಬ್ಬದ ಮರುದಿನ ಹೊರಡುವ ಲಾರಿಯನ್ನು ಮಾಲು ಕೊಳ್ಳುವವರು ಗೇಟಿನಲ್ಲೇ ವಾಪಸು ಕಳಿಸುತ್ತಿದ್ದರು. ದಾಖಲೆಯ ನಕಲು ಇಡುವ ಬ್ಯಾಕಪ್ ಡಿಸ್ಕ್ ಆರು ವಾರದ ಹಿಂದೆಯೇ ಕೆಟ್ಟಿತ್ತು. ಹೇಗೂ ಕ್ಲೌಡ್‌ಗೆ ಹೋಗುತ್ತೇವಲ್ಲ, ಹೊಸದು ಯಾಕೆ ಎಂದ ಮಹಾನುಭಾವನೂ ನಾನೇ.

ಎಲ್ಲ ಯಂತ್ರಗಳೂ ನಿಂತಿರುತ್ತವೆ, ಹೊಸದೇನೂ ಬರೆಯುವುದಿಲ್ಲ ಎಂದು ಆಯುಧಪೂಜೆಯ ದಿನವನ್ನೇ ಆರಿಸಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ಪೂಜೆ ಮುಗಿಯಿತು, ಗೇಟಿನಲ್ಲಿ ಬೂದುಗುಂಬಳ ಒಡೆದರು, ಕೆಲಸದವರು ಪುರಿ, ಸಿಹಿ ಕಟ್ಟಿಸಿಕೊಂಡು ಮನೆಗೆ ಹೋದರು. ಸರೋಜಮ್ಮ ಸರ್ವರ್ ಕೋಣೆಗೆ ಬೀಗ ಹಾಕಿ, ಕೀಲಿ ಚೀಲಕ್ಕೆ ಹಾಕಿಕೊಂಡು ಆವತಿಯ ತಂಗಿಯ ಮನೆಗೆ ಹೊರಟರು. ನಾನು ಮುಂದಿನ ಆಫೀಸಿನಲ್ಲಿ ಕೂತು, ಮೂರು ಗಂಟೆಗೆ ಲ್ಯಾಪ್‌ಟಾಪಿನಿಂದಲೇ ಸರ್ವರ್‌ಗೆ ಸಂಪರ್ಕ ಮಾಡಿ ಸಾಗಣೆ ಶುರುಮಾಡಿದೆ. ನಾಲ್ಕು ದಾಟುವಷ್ಟರಲ್ಲಿ ಮುಗಿಯಿತು. ಒಂದೇ ಒಂದು ತೊಡಕಿಲ್ಲ. ಬೂದಿಗೆರೆಗೆ ಬಂದು ಮನೆಯಲ್ಲಿ ಹೋಳಿಗೆ ತಿಂದು ಮಲಗಿದೆ.

ಮರುದಿನ ಬೆಳಿಗ್ಗೆ ಸರೋಜಮ್ಮ ಬಂದು ಬೀಗ ತೆಗೆದರು. ಯಂತ್ರಗಳ ರಿಪೇರಿ ನೋಡಿಕೊಳ್ಳುವ ಮುನಿಯಪ್ಪಣ್ಣನ ಜೊತೆ ನಾನು ಒಳಗೆ ಹೋದೆ. ಸರ್ವರ್‌ಗೆ ವಿಭೂತಿ, ಚೆಂಡುಹೂವಿನ ಹಾರ. ಅದರ ವಿದ್ಯುತ್ ತಂತಿ ಸುರುಳಿ ಸುತ್ತಿಕೊಂಡು, ಕುಂಕುಮ ಹಚ್ಚಿಸಿಕೊಂಡು ನೆತ್ತಿಯ ಮೇಲೆ ಕೂತಿತ್ತು.

“ಇದನ್ನ ಯಾವಾಗ ಕಿತ್ರಿ?”

“ನೆನ್ನೆ ಪೂಜೆಗೆ ಮುಂಚೇನೇ ಕಿತ್ಬಿಟ್ಟೆ ಸಾರ್. ಪೂಜೆಗಿಟ್ಟಿದ್ದನ್ನ ಅವತ್ತು ಓಡಿಸ್ಬಾರ್ದಲ್ವಾ? ಈಗ ಹಾಕ್ತೀನಿ ಬುಡಿ.”

ನಮ್ಮ ಮನೆಯಲ್ಲೂ ಆ ದಿನ ಪೂಜೆಗಿಟ್ಟ ಕುಡುಗೋಲನ್ನು ಯಾರೂ ಮುಟ್ಟುವುದಿಲ್ಲ. ಸರ್ವರ್‌ಗೂ ಅದೇ ಮರ್ಯಾದೆ ಸಿಗುತ್ತದೆಂದು ನನಗೆ ಹೊಳೆದಿರಲಿಲ್ಲ. ಮುನಿಯಪ್ಪಣ್ಣ ತಂತಿ ಸಿಕ್ಕಿಸಿದ. ಒಳಗೆ ಕಟಕಟ ಎಂದಿತು, ನಿಂತಿತು. ಮತ್ತೆ ಹಾಕಿದರೂ ಅಷ್ಟೇ. ದಾಖಲೆಯಿದ್ದ ಡಿಸ್ಕ್ ಸತ್ತಿತ್ತು. ಆಮೇಲೆ ಬಲ್ಲವರ ಕೈಗೆ ಕೊಟ್ಟರೂ ಅದರಿಂದ ಒಂದಕ್ಷರ ಹೊರಗೆ ಬರಲಿಲ್ಲ.

ನನ್ನ ಜೀವ ಬಾಯಿಗೆ ಬಂದಿತ್ತು. ತಂತಿಯಿಲ್ಲದ ಸರ್ವರ್‌ನಿಂದ ನಾನು ನಿನ್ನೆ ಸಾಗಿಸಿದ್ದಾದರೂ ಏನು? ಲ್ಯಾಪ್‌ಟಾಪ್ ತೆರೆದರೆ ಆರು ವಾರಗಳ ದಾಖಲೆಯೂ ಕ್ಲೌಡ್‌ನಲ್ಲಿ ಕೂತಿದೆ. ತಪಾಸಣೆ ಮಾಡುವ ಭಾಗ್ಯಳಿಗೆ ಫೋನ್ ಮಾಡಿದೆ. ಪೂಜೆಯ ದಿನ ಬೆಳಿಗ್ಗೆ ಕೊನೆಯದಾಗಿ ಅಳೆದದ್ದನ್ನು ಆಕೆ ಚೀಟಿ ನೋಡಿ ಓದಿದಳು. ಒಂದೊಂದು ಅಂಕಿಯೂ ತಾಳೆಯಾಯಿತು. ಹೋದ ಜೀವ ಬಂದಂತಾಗಿ, ಹಾಗೇ ನೆಲದ ಮೇಲೆ ಕೂತುಬಿಟ್ಟೆ.

ಕಾರಣ ಹುಡುಕದೆ ಬಿಟ್ಟೆನೆಂದು ತಿಳಿಯಬೇಡಿ. ಮುನಿಯಪ್ಪಣ್ಣ ಹೊತ್ತು ಮರೆತಿರಬಹುದು ಎಂದುಕೊಂಡೆ; ಮಂಗಳಾರತಿಯ ವೇಳೆ ಸರೋಜಮ್ಮ ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ತಂತಿ ನೆತ್ತಿಯ ಮೇಲೇ ಇದೆ. ಯಾರಾದರೂ ಮತ್ತೆ ಸಿಕ್ಕಿಸಿ ತೆಗೆದಿರಬಹುದು ಎನ್ನೋಣವೆಂದರೆ ಕೀಲಿ ಇದ್ದದ್ದು ಆವತಿಯಲ್ಲಿ. ಹಳೆಯ ಪ್ರತಿಯೇ ಬಂದಿರಬಹುದೆಂದರೆ ಆ ಬೆಳಿಗ್ಗೆಯ ಅಂಕಿಯೂ ಅದರಲ್ಲಿದೆ. ಕ್ಲೌಡ್‌ನ ದಾಖಲೆಯಲ್ಲಿ, ಮೂರು ಗಂಟೆಗೆ ಕಳಿಸಿದ ಯಂತ್ರ ಆ ಸರ್ವರ್ರೇ ಎಂದು ಸ್ಪಷ್ಟವಾಗಿ ಬರೆದಿದೆ. ಜೊತೆಯವರಿಗೆ ತೋರಿಸಿದೆ. “ಬಿಡು ಗುರು, ಕೆಲ್ಸ ಆಯ್ತಲ್ಲ” ಎಂದರು.

ಲಾರಿ ಹೋಯಿತು. ಸಂಜೆ ಸರೋಜಮ್ಮ ಫೋನ್ ಮಾಡಿ, “ಒಂದೂ ವಾಪಸ್ ಬರ್ಲಿಲ್ಲ ಕಣಪ್ಪಾ” ಎಂದಾಗ ಅವರ ದನಿಯ ಸಂತೋಷ ಕೇಳಿ ನನಗೆ ಕಣ್ಣು ತುಂಬಿತು. ಆ ರಾತ್ರಿ ನಿಶ್ಚಿಂತೆಯಾಗಿ ನಿದ್ದೆ ಮಾಡಿದೆ.

ಇದಾಗಿ ಮೂರು ವರ್ಷವಾಯಿತು. ಕೆಲಸ ಮುಗಿದ ಮೇಲೆ ನಾವು ತುಂಬುವ ವರದಿಯಲ್ಲಿ, ಕಡೆಯ ಪ್ರತಿಯನ್ನು ಎಲ್ಲಿಂದ ಪಡೆಯಲಾಯಿತು ಎಂಬ ಸಾಲೊಂದಿದೆ. ಸುಳ್ಳು ಬರೆಯಲು ಮನಸ್ಸು ಬರಲಿಲ್ಲ, ನಿಜ ನನಗೆ ಗೊತ್ತಿರಲಿಲ್ಲ. ಆ ಸಾಲನ್ನು ಖಾಲಿ ಬಿಟ್ಟು ಸಹಿ ಹಾಕಿದೆ.