ಅಟ್ಟಣೆಯಿಂದ ಕಾಣದ ಹಲ್ಲು

ಬೀದಿಯವರು ಅವಳನ್ನು ಕರಡಿಯಮ್ಮ ಎಂದೇ ಕರೆಯುವುದು. ಅವಳು ಮಣ್ಣಿನಲ್ಲಿ ಮಾಡಿದ್ದು ನೀರುನಾಯಿ, ಜಿಂಕೆ, ಗೂಬೆ ಎಲ್ಲ. ಅಂಟಿಕೊಂಡಿದ್ದು ಮಾತ್ರ ಕರಡಿಯ ಹೆಸರು. ಅವಳ ತಲೆಗೂದಲು ನೋಡಿದವರು ಯಾಕೆಂದು ಕೇಳುವುದಿಲ್ಲ.

ಕಾಡಿನಲ್ಲಿ ಕಣ್ಣಾರೆ ಕಂಡದ್ದನ್ನು ಬಿಟ್ಟು ಬೇರೇನನ್ನೂ ಅವಳು ಮಣ್ಣಿಗೆ ತರುವವಳಲ್ಲ. ಫೋಟೋ ಹಿಡಿದು ಬಂದವರನ್ನು ಬಾಗಿಲಲ್ಲೇ ಸಾಗಹಾಕಿದ್ದಾಳೆ. ಅವಳನ್ನು ಕಾಡಿಗೆ ಕರೆದೊಯ್ಯುವವರು ಅಕ್ಕನ ಗಂಡ, ಭಾವ, ಹಿಂದೆ ಅರಣ್ಯ ಕಾವಲುಗಾರರಾಗಿದ್ದವರು. ಒಮ್ಮೆ ಕರಡಿಯೊಂದು ಅವರ ಎಡಭುಜ ಸೀಳಿತ್ತು. ಆ ಕೈ ಇಂದಿಗೂ ಮೇಲೇಳುವುದಿಲ್ಲ. ಹಾಗಾಗಿ ಮಣ್ಣು ಹದ ಮಾಡಿಕೊಡುವ ಅಕ್ಕ ಒಂದೇ ಒಂದು ಷರತ್ತು ಹಾಕಿದ್ದಳು: ಇಬ್ಬರೂ ಕಾವಲಿನ ಅಟ್ಟಣೆಯಿಂದ ಕೆಳಗಿಳಿಯಕೂಡದು. ತಂಗಿ ಮಾತು ಕೊಟ್ಟಿದ್ದಳು.

ಮೃಗಾಲಯದ ಹೆಬ್ಬಾಗಿಲಿಗೆ ಕರಡಿ ಬೇಕೆಂದಿದ್ದ ಅಧಿಕಾರಿ ಎರಡು ಮಾದರಿ ನೋಡಿ ಮೂಗು ಮುರಿದ. ಸೋಫಾದ ಮೇಲೆ ಕೂರಿಸುವ ಗೊಂಬೆಯಂತಿದೆ ಅಂದ. ಮೂರನೆಯದೂ ಹೀಗೇ ಇದ್ದರೆ ಕೆಲಸ ಬೇರೆಯವರಿಗೆ. ಅವನು ಹೇಳಿದ್ದು ನಿಜವಾಗಿತ್ತು, ಅದೇ ಅವಳಿಗೆ ಸಂಕಟ.

ಮುಂದಿನ ಸಲ ಕಾಡಿಗೆ ಹೋದಾಗ ಅಟ್ಟಣೆಯಾಚೆ ಕರಡಿ ಬೆನ್ನು ತಿರುಗಿಸಿ ಹುತ್ತ ಕೆದಕುತ್ತಿತ್ತು. ಮುಖ ಕಾಣಲಿಲ್ಲ. ಅವಳು ಏಣಿಗೆ ಕಾಲಿಟ್ಟಳು. ಭಾವ ಬೇಡವೆಂದು ತಲೆಯಾಡಿಸಿದರು. ಒಬ್ಬಳನ್ನೇ ಬಿಡಲಾರದೆ ತಾವೂ ಇಳಿದರು. ಪೊದೆಯ ಮರೆಯಲ್ಲಿ ಕೂತರು. ಗಾಳಿ ತಿರುಗಿತು. ಕರಡಿ ಎದ್ದು ನಿಂತು ಮೂಗೆತ್ತಿತು, ನಂತರ ನೇರ ಇವರತ್ತಲೇ ಓಡಿಬಂತು. ಭಾವ ಬಲಗೈಯಲ್ಲಿ ಕೋಲೆತ್ತಿ ಅವಳಿಗೆ ಅಡ್ಡ ನಿಂತರು. ಇನ್ನೇನು ಮೇಲೆ ಬೀಳಬೇಕು ಅನ್ನುವಾಗ ಕರಡಿ ನಿಂತಿತು, ಬಾಯಿ ತೆರೆದೇ ಇತ್ತು. ಅವಳ ಹಾಳು ಕಣ್ಣು ಆಗಲೂ ಭಾವನ ತೋಳಿನ ಸಂದಿಯಿಂದ ಆ ಬಾಯನ್ನೇ ನೋಡುತ್ತಿತ್ತು. ಕರಡಿ ಬುಸುಗುಟ್ಟಿ ತಿರುಗಿ ಹೋಯಿತು. ಭಾವ ಕೋಲು ಇಳಿಸಿ, ಮನೆಯಲ್ಲಿ ಈ ಸುದ್ದಿ ಎತ್ತಬೇಡ ಎಂದಷ್ಟೇ ಹೇಳಿದರು.

ಅವಳು ಎತ್ತಲಿಲ್ಲ. ಊಟ ನಿದ್ದೆ ಬಿಟ್ಟು ಕರಡಿ ಮಾಡಿದಳು. ಅಧಿಕಾರಿ ಬರುವ ದಿನ ಮಣ್ಣು ಒಣಗದಂತೆ ಹೊದಿಸಿದ್ದ ಒದ್ದೆಬಟ್ಟೆಯನ್ನು ಅಕ್ಕ ತೆಗೆದು ನೋಡಿದಳು. ನೋಡುತ್ತಾ ನೋಡುತ್ತಾ ಕರಡಿಯ ಬಾಯೊಳಗೆ ಬೆರಳು ಹಾಕಿದಳು. ಒಳಗೆ ದವಡೆಹಲ್ಲೊಂದು ಅರ್ಧ ಮುರಿದಿತ್ತು, ನಾಲಿಗೆಯ ಅಂಚಿಗೆ ಗೆದ್ದಲು ಅಂಟಿತ್ತು. ಇಷ್ಟು ವರ್ಷ ತಂಗಿಯ ಯಾವ ಪ್ರಾಣಿಯ ಬಾಯೊಳಗೂ ಇಂಥದ್ದೇನೂ ಇರಲಿಲ್ಲ. ಕಾಣದ್ದನ್ನು ಅವಳು ಮಾಡುವುದೇ ಇಲ್ಲವೆಂದು ಅಕ್ಕನಿಗಿಂತ ಚೆನ್ನಾಗಿ ಬಲ್ಲವರು ಯಾರು?

"ಅಟ್ಟಣೆಯಿಂದ ಇದು ಕಾಣುತ್ತೇನೇ?" ಅಕ್ಕ ಕೇಳಿದಳು.

ಅಷ್ಟರಲ್ಲಿ ಅಧಿಕಾರಿ ಬಂದ. ಕರಡಿಯನ್ನು ಕಂಡದ್ದೇ ಹಿಂದೆ ಸರಿದ. ಇದೇ ಬೇಕಾಗಿತ್ತು ಅಂದ, ಬಾಗಿಲಿನ ಆಚೆ ಬದಿಗೆ ಇನ್ನೊಂದನ್ನೂ ಮಾಡಿಕೊಡಿ ಅಂದ. ಎಷ್ಟು ಕಾದಿದ್ದ ಮಾತು! ಆದರೆ ತಂಗಿಗೆ ಖುಷಿಪಡಲು ಧೈರ್ಯ ಬರಲಿಲ್ಲ.

ಅವನು ಹೋದ ಮೇಲೆ ಅಕ್ಕ ಕೈಗಂಟಿದ ಮಣ್ಣು ಒರೆಸಿಕೊಂಡಳು.

"ಇನ್ನೊಂದು ಮಾಡ್ಬೇಕಲ್ಲ, ಈ ಸಲ ನಿನ್ನ ಭಾವ ಬರಲ್ಲ, ನಾನು ಬರ್ತೀನಿ," ಅಂದಳು. "ನಾನು ಪಕ್ಕದಲ್ಲಿರುವಾಗ್ಲೂ ಏಣಿ ಇಳೀತೀಯಾ, ನೋಡೋಣ."