ಒಂಬತ್ತು ಗಂಟೆಯ ರೀಡಿಂಗ್

ಶಾಲೆಯ ತಾರಸಿಯ ಮೇಲೆ ಹನ್ನೆರಡು ಸೋಲಾರ್ ಫಲಕಗಳು ರಸ್ತೆಗೆ ಎದೆ ಕೊಟ್ಟು ನಿಂತಿದ್ದವು. ಮಲಗಿದಂತೆ ಓರೆಯಾಗಿರಬೇಕಾದವು ನೆಟ್ಟಗೆ ನಿಂತಿದ್ದವು. ದಕ್ಷಿಣಕ್ಕೆ ನೋಡಬೇಕಾದವು ಪೂರ್ವಕ್ಕೆ ನೋಡುತ್ತಿದ್ದವು. ಅದೇನೂ ಸೂರ್ಯೋದಯದ ಮೇಲಿನ ಭಕ್ತಿಯಲ್ಲ. ಪೂರ್ವಕ್ಕೆ ಬಸ್ಸುಗಳು ಓಡಾಡುವ ದೊಡ್ಡ ರಸ್ತೆಯಿತ್ತು. ಫಲಕಗಳ ಕೆಳಗೆ ಉದ್ದಕ್ಕೂ ತಗಡು ಹೊಡೆದು, ಮೊಳದುದ್ದದ ಅಕ್ಷರಗಳಲ್ಲಿ ಗುತ್ತಿಗೆದಾರ ತನ್ನ ಅಂಗಡಿಯ ಹೆಸರನ್ನೂ ಫೋನ್ ನಂಬರನ್ನೂ ಬರೆಸಿದ್ದ. ದುಡ್ಡು ದಾನಿಗಳ ಸಂಘದ್ದು, ತಾರಸಿ ಶಾಲೆಯದ್ದು, ಬಿಸಿಲು ಯಾರಪ್ಪನದ್ದೂ ಅಲ್ಲ. ಜಾಹೀರಾತು ಮಾತ್ರ ಅವನದ್ದು.

ಆ ಅಂಗಡಿಯಲ್ಲಿ ಕೆಲಸಕ್ಕಿದ್ದ ಇಪ್ಪತ್ತಮೂರರ ಹುಡುಗಿಗೆ ಜೊತೆಯ ಹುಡುಗರು ಇಟ್ಟ ಹೆಸರು ಮೀಟರ್. ತಂತಿ ಕಂಡಲ್ಲೆಲ್ಲ ಮೀಟರ್ ಹಚ್ಚಿ ಕರೆಂಟ್ ಎಷ್ಟಿದೆ ಎಂದು ನೋಡದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ. ಚೌಕಟ್ಟು ನಿಲ್ಲಿಸುವ ತಂಡ ಬೇರೆ. ಅವಳದು ಕೊನೆಯ ಕೆಲಸ. ಅಳೆಯಬೇಕು, ಫಾರ್ಮಿನಲ್ಲಿ ಬರೆಯಬೇಕು, ಸಹಿ ಹಾಕಬೇಕು. ಆ ಸಹಿ ಬಿದ್ದರೆ ಕಾಮಗಾರಿ ಮುಗಿದಂತೆ. ಆಮೇಲೆ ಇಪ್ಪತ್ತೈದು ವರ್ಷ ಅದರ ಮುಖ ಯಾರೂ ನೋಡುವುದಿಲ್ಲ.

ಅವಳು ಈ ಕೆಲಸಕ್ಕೆ ಬಂದದ್ದು ಸಂಬಳಕ್ಕಷ್ಟೇ ಅಲ್ಲ. ಚಿಕ್ಕಂದಿನಲ್ಲಿ ಅವಳು ಕೂತಿದ್ದ ತರಗತಿಯ ಕಿಟಕಿಗೆ ಅಡ್ಡಲಾಗಿ ಯಾರದೋ ಗೋಡೆ ಎದ್ದಿತ್ತು. ಮಧ್ಯಾಹ್ನ ಕರೆಂಟು ಹೋದರೆ ಬೋರ್ಡಿನ ಮೇಲೆ ಮೂರು ಯಾವುದು ಎಂಟು ಯಾವುದು ತಿಳಿಯುತ್ತಿರಲಿಲ್ಲ. ತಪ್ಪು ಲೆಕ್ಕ ಬರೆದು ಎರಡು ವರ್ಷ ದಡ್ಡಿ ಅನ್ನಿಸಿಕೊಂಡಳು. ಒಂದು ವರ್ಷ ಫೇಲಾದಳು. ಕತ್ತಲೆಯನ್ನು ಯಾರೂ ಫೇಲ್ ಮಾಡಲಿಲ್ಲ, ಅವಳನ್ನು ಮಾಡಿದರು. ಶಾಲೆಗಳಿಗೆ ಬೆಳಕು ಹಾಕುವ ಕೆಲಸವೊಂದಿದೆ ಎಂದು ಗೊತ್ತಾದ ದಿನವೇ ತರಬೇತಿಗೆ ಸೇರಿದ್ದಳು.

ಆ ದಿನವೂ ಗುತ್ತಿಗೆದಾರ ಹೇಳಿದ ಹಾಗೆ ಸರಿಯಾಗಿ ಒಂಬತ್ತು ಗಂಟೆಗೆ ರೀಡಿಂಗ್ ತೆಗೆದಳು. ಹದಿನಾರು ಆಂಪಿಯರ್. ತರಗತಿಗಳಲ್ಲಿ ಫ್ಯಾನುಗಳು ಗಿರ್ರನೆ ತಿರುಗಿದವು. ಫಾರ್ಮು ತುಂಬಿ, ಸಹಿಯನ್ನು ಅಂಗಡಿಯಲ್ಲಿ ಹಾಕಿದರಾಯಿತು ಎಂದು ಹೊರಟಳು. ಅರ್ಧ ದಾರಿಯಲ್ಲಿ ನೋಡಿಕೊಂಡರೆ ಸ್ಕ್ರೂಡ್ರೈವರ್ ಚೀಲವಿಲ್ಲ. ಬೇರೆ ಎರಡು ಕಡೆ ಕೆಲಸ ಮುಗಿಸಿ ಅದಕ್ಕಾಗಿ ಶಾಲೆಗೆ ವಾಪಸು ಬಂದಾಗ ಎರಡು ಗಂಟೆ.

ಬೆಳಗಿನ ದೊಡ್ಡ ಮಕ್ಕಳು ಹೋಗಿ, ಮಧ್ಯಾಹ್ನದ ಪಾಳಿಯ ಚಿಕ್ಕವರು ಬಂದಿದ್ದರು. ನಲವತ್ತೆರಡು ಮಕ್ಕಳು ಹೊರಗಿನ ಬೆಳಕು ಬಾರದ ಕೋಣೆಯ ಕತ್ತಲಲ್ಲಿ ಕೂತು, ಪುಸ್ತಕವನ್ನು ಮೂಗಿಗೆ ಅಂಟಿಸಿಕೊಂಡು ಓದುತ್ತಿದ್ದರು. ಮೇಲೆ ಹೊಸ ಫ್ಯಾನು ಸತ್ತ ಹಕ್ಕಿಯ ಹಾಗೆ ರೆಕ್ಕೆ ಚಾಚಿ ಸುಮ್ಮನಿತ್ತು. ಬಾಗಿಲಲ್ಲಿ ಶಾಲೆಯ ಆಯಮ್ಮ ನಿಂತಿದ್ದಳು.

"ಯಾಕೆ ಆಯಮ್ಮಾ, ಸ್ವಿಚ್ ಆಫ್ ಮಾಡಿದ್ರಾ?"

"ನಾನ್ಯಾಕೆ ಮಾಡ್ಲಿ ತಾಯಿ? ಊಟದ ಹೊತ್ತಿಗೆ ತಾನಾಗೇ ನಿಂತೋಯ್ತು. ನಿಮ್ಮ ಸೋಲಾರೂ ನಮ್ಮ ಸಾಹೇಬ್ರ ಥರಾನೇ, ಮಧ್ಯಾಹ್ನದ ಮೇಲೆ ಸೀಟಲ್ಲಿರಲ್ಲ."

ಅವಳಿಗೆ ನಗು ಬರಲಿಲ್ಲ. ತಾರಸಿಗೆ ಹತ್ತಿದಳು. ಸೂರ್ಯ ಫಲಕಗಳ ಬೆನ್ನಿಗೆ ಹೊಡೆಯುತ್ತಿದ್ದ. ಮೀಟರ್ ಹಚ್ಚಿದರೆ ಎರಡು ಆಂಪಿಯರ್. ಬೆಳಗಿನ ಬಿಸಿಲು ತುಂಬಿದ್ದ ಚಿಕ್ಕ ಬ್ಯಾಟರಿ ಆಗಲೇ ಖಾಲಿಯಾಗಿತ್ತು. ಆ ಬಡಾವಣೆಗೆ ದಿನಾ ಹನ್ನೆರಡರಿಂದ ನಾಲ್ಕರವರೆಗೆ ಕರೆಂಟಿಲ್ಲ. ಸೋಲಾರ್ ಹಾಕಿಸಿದ್ದೇ ಆ ನಾಲ್ಕು ಗಂಟೆಗೆ! ಬೇಡದ ಹೊತ್ತಲ್ಲಿ ಭರಪೂರ, ಬೇಕಾದ ಹೊತ್ತಲ್ಲಿ ಬರಿಗೈ. ಒಂಬತ್ತು ಗಂಟೆಯೇ ಯಾಕೆ ಎನ್ನುವುದು ಆಗ ಅವಳ ತಲೆಗೆ ಹೋಯಿತು. ಮೈಯೆಲ್ಲ ಉರಿದುಹೋಯಿತು.

ಅಂಗಡಿಗೆ ಹೋದವಳೇ ಒಂಬತ್ತರ ರೀಡಿಂಗ್ ಹೊಡೆದುಹಾಕಿ ಎರಡರದ್ದನ್ನು ಬರೆದು, ಫಾರ್ಮನ್ನು ಗುತ್ತಿಗೆದಾರನ ಮೇಜಿನ ಮೇಲಿಟ್ಟಳು.

"ಎರಡು ಗಂಟೆಗೆ ಅಲ್ಲಿಗೆ ಹೋಗು ಅಂತ ನಿಂಗ್ಯಾರಮ್ಮ ಹೇಳಿದ್ದು?"

"ಮಕ್ಕಳಿಗೂ ಯಾರೂ ಹೇಳಿಲ್ಲ ಸರ್. ಆದ್ರೂ ಅಷ್ಟೊತ್ತಿಗೆ ಅಲ್ಲೇ ಕೂತಿರ್ತಾರೆ."

"ನೋಡು, ಫಾರ್ಮಲ್ಲಿ ರೀಡಿಂಗಿಗೆ ಎಷ್ಟು ಜಾಗ ಇದೆ? ಒಂದು. ಎಷ್ಟು ಬರೀಬೇಕು? ಒಂದು."

"ಒಂದೇ ಬರೆದಿದ್ದೀನಲ್ಲ ಸರ್."

ಪಕ್ಕದಲ್ಲಿ ತಂತಿ ಸುತ್ತುತ್ತಿದ್ದ ಹುಡುಗ ಕಿಸಕ್ಕೆಂದ. ಗುತ್ತಿಗೆದಾರ ಅವನನ್ನು ಕಣ್ಣಲ್ಲೇ ಹೊರಗೆ ಕಳಿಸಿ, ದನಿ ಇಳಿಸಿದ. "ಓ ಸತ್ಯವಂತೆ, ಹಿಂದಿನ ಮೂರು ಶಾಲೆಗೆ ಸಹಿ ಹಾಕ್ದಾಗ ಈ ಧರ್ಮ ಎಲ್ಲಿಗೆ ಹೋಗಿತ್ತು? ಅಲ್ಲೂ ರಸ್ತೆ ಕಡೆಗೇ ನಿಲ್ಸಿದ್ವಲ್ಲ."

ಮಾತು ನೇರವಾಗಿ ಎದೆಗೆ ಬಂದು ನಾಟಿತು. ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಫಲಕ ಯಾವ ದಿಕ್ಕಿಗಿರಬೇಕೆಂದು ತರಬೇತಿಯ ಮೊದಲ ವಾರದಲ್ಲೇ ಹೇಳಿಕೊಟ್ಟಿದ್ದರು. ಮೊದಲ ಶಾಲೆಯಲ್ಲಿ ಬಾಯಿಬಿಟ್ಟು ಕೇಳಿಯೂ ಇದ್ದಳು. "ಬ್ಯಾಟರಿ ಇದೆಯಲ್ಲ, ನಡೆಯುತ್ತೆ" ಅಂದಿದ್ದ ಇವನು. ದೊಡ್ಡವರು ಹೇಳಿದ ಮೇಲೆ ಮುಗಿಯಿತು ಎಂದು ಸಹಿ ಹಾಕಿದ್ದಳು. ಎರಡನೆಯದಕ್ಕೆ ಕೇಳಲೇ ಇಲ್ಲ. ಮೂರನೆಯದರಲ್ಲಿ ಮೇಲೆ ಕತ್ತೆತ್ತಿಯೂ ನೋಡಲಿಲ್ಲ. ಸುಳ್ಳು ಹೀಗೆಯೇ ರೂಢಿಯಾಗುವುದು. ಮೊದಲ ಸಲ ಗಂಟಲಲ್ಲಿ ಸಿಕ್ಕಿಕೊಂಡದ್ದು ಮೂರನೆಯ ಸಲ ನೀರಿನಂತೆ ಇಳಿಯುತ್ತದೆ.

"ಆ ಮೂರೂ ತಪ್ಪು ಸರ್. ಇದಕ್ಕೆ ನಾನು ಹಾಕಲ್ಲ."

"ಬೇಡ ಬಿಡು. ಸಹಿ ಹಾಕೋಕೆ ಕೈಗಳಿಗೇನು ಬರವೇ? ಮೀಟರ್ ಇಟ್ಟು ಹೋಗು."

"ಮೀಟರ್ ನಂದು. ನಿಮ್ಮದು ಈ ಟೋಪಿ." ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಳು.

ಮಾರನೆಯ ದಿನ ಒಂಬತ್ತಕ್ಕೆ ಇನ್ನೊಬ್ಬ ಹೋಗಿ ಹದಿನಾರು ಎಂದು ಬರೆದು ಸಹಿ ಜಡಿದ. ದಾನಿಗಳ ಸಂಘ ಫೋಟೊ ನೋಡಿ ಚಪ್ಪಾಳೆ ತಟ್ಟಿ ಫೈಲು ಮುಚ್ಚಿತು. ನಲವತ್ತೆರಡು ಮಕ್ಕಳ ಮಧ್ಯಾಹ್ನವನ್ನು ಒಂದು ಫೋನ್ ನಂಬರಿಗೆ ಮಾರಿದ್ದಾಯಿತು. ಯಾರ ನಿದ್ದೆಯೂ ಕೆಡಲಿಲ್ಲ.

ಅವಳು ಹೆಡ್‌ಮಿಸ್ಟ್ರೆಸ್ ಹತ್ತಿರ ಹೋದಳು. ಆಕೆ ಒಳ್ಳೆಯವರೇ; ಆದರೆ ಒಂದು ಮೊಳೆ ಹೊಡೆಯಲೂ ಮೇಲಿನವರ ಅಪ್ಪಣೆ ಕಾಯುವ ಒಳ್ಳೆಯತನ.

"ಮೇಡಂ, ಸಹಿ ಆಯ್ತಲ್ಲ, ಇನ್ನು ಅದು ಶಾಲೆ ಆಸ್ತಿ. ನೀವು ಹೂಂ ಅಂದ್ರೆ ಭಾನುವಾರ ತಿರುಗಿಸಿ ಕೊಡ್ತೀನಿ."

"ಅಯ್ಯೋ ಬೇಡಮ್ಮ. ಬೇರೆಯವರು ಮುಟ್ಟಿದ್ರೆ ಗ್ಯಾರಂಟಿ ಇಲ್ಲ ಅಂದಿದ್ದಾರೆ. ನಾಳೆ ಕೆಟ್ರೆ ಯಾರು ಬರ್ತಾರೆ?"

"ಕತ್ತಲಲ್ಲಿ ಕೂರೋಕೆ ಗ್ಯಾರಂಟಿ ಯಾಕೆ ಮೇಡಂ? ಅದು ಗ್ಯಾರಂಟಿ ಇಲ್ದೇನೂ ಇತ್ತಲ್ಲ! ಕೆಟ್ರೆ ನಾನು ಬರ್ತೀನಿ."

"ಎಷ್ಟು ದಿನ ಬರ್ತೀಯ? ನಿಂಗೀಗ ಕೆಲಸಾನೂ ಇಲ್ಲ."

"ಅದಕ್ಕೇ ಪುರುಸೊತ್ತಿದೆ."

ಹೆಡ್‌ಮಿಸ್ಟ್ರೆಸ್ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಕೊನೆಗೆ, "ಬರೆದು ಕೊಡ್ತೀಯಾ?" ಅಂದರು. ಅವಳು ಅಲ್ಲೇ ಕಾಗದ ತೆಗೆದುಕೊಂಡು ಬರೆದಳು: ಏನೇ ಕೆಟ್ಟರೂ ಕೂಲಿಯಿಲ್ಲದೆ ಬಂದು ಸರಿ ಮಾಡುತ್ತೇನೆ. ಎಷ್ಟು ವರ್ಷ ಎಂಬಲ್ಲಿ ಐದು ಎಂದು ಬರೆದು ಸಹಿ ಹಾಕಿದಳು.

ಭಾನುವಾರ ಅಣ್ಣ ಬಂದ. ಅವನು ಗೇಟು, ಗ್ರಿಲ್ಲು ವೆಲ್ಡಿಂಗ್ ಮಾಡುವವನು. ಆಯಮ್ಮ ತನ್ನ ಗಂಡನನ್ನೂ ಮೈದುನನನ್ನೂ ಎಳೆದುಕೊಂಡು ಬಂದಳು. ಬಿಸಿಲಿರುವಷ್ಟು ಹೊತ್ತು ಫಲಕದಲ್ಲಿ ಕರೆಂಟು ಇದ್ದೇ ಇರುತ್ತದೆ. ಅದಕ್ಕೇ ಅವಳು ಮೊದಲು ಎಲ್ಲದರ ಮೇಲೂ ದಪ್ಪ ಹೊದಿಕೆ ಹೊದಿಸಿ ಕಟ್ಟಿದಳು. ಚೌಕಟ್ಟುಗಳು ಸಿಮೆಂಟ್ ದಿಮ್ಮಿಗಳ ಮೇಲೆ ಕೂತಿದ್ದವು. ಒಂದೊಂದನ್ನೇ ಬಿಚ್ಚಿ ನಾಲ್ಕು ಜನ ಹೊತ್ತು ದಕ್ಷಿಣಕ್ಕೆ ತಿರುಗಿಸಿದರು. ಫಲಕಗಳು ಓರೆಯಾಗಲೆಂದು ಅಣ್ಣ ಚೌಕಟ್ಟುಗಳ ಹಿಂಗಾಲುಗಳನ್ನು ಕತ್ತರಿಸಿ ಗಿಡ್ಡ ಮಾಡಿದ. ತಂತಿ ಸಾಲದ ಕಡೆ ಅವಳು ಸೇರಿಸಿದಳು.

"ಈ ತಗಡೇನು ಮಾಡೋದೇ? ಗುಜರಿಗೆ ಹಾಕೋಣ್ವಾ?"

"ಬೇಡ ಅಣ್ಣ, ಕಳ್ಳತನ ಅಂತಾನೆ. ಫಲಕದ ಕೆಳಗೆ ಮೊದಲಿದ್ದ ಹಾಗೇ ಹೊಡಿ."

ಈಗ ತಗಡು ಪಕ್ಕದ ಮನೆಯ ಬಟ್ಟೆ ಒಣಗಿಸುವ ಹಗ್ಗಕ್ಕೆ ಮುಖ ಮಾಡಿತು. "ಇನ್ನು ಆ ಪ್ಯಾಂಟುಗಳೇ ಫೋನ್ ಮಾಡ್ಬೇಕು ಇವನಿಗೆ" ಎಂದ ಅಣ್ಣ. ಆಯಮ್ಮನ ಗಂಡ ನಕ್ಕು ನಕ್ಕು ಸುತ್ತಿಗೆ ಕೆಳಗಿಟ್ಟ.

ಸೋಮವಾರ ಎರಡು ಗಂಟೆಗೆ ಹದಿನೆಂಟು ಆಂಪಿಯರ್. ಕೆಳಗೆ ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. "ಟೀಚರ್, ಗಾಳಿಗೆ ಹಾಳೆ ನಿಲ್ತಿಲ್ಲ" ಎಂದು ಒಂದು ಮಗು ದೂರು ಹೇಳಿತು. ಯಾರೂ ಅವಳಿಗೆ ಹಾರ ಹಾಕಲಿಲ್ಲ, ಅವಳು ಕಾಯಲೂ ಇಲ್ಲ. ಮಕ್ಕಳ ಮುಖ ನೋಡಿ ಕೋಪ ಇಳಿಯುತ್ತದೆ ಅಂದುಕೊಂಡಿದ್ದಳು; ಏರಿತು. ಒಂದು ಭಾನುವಾರದ ಕೆಲಸ ಇದು! ಇಷ್ಟಕ್ಕೆ ಮಿಕ್ಕ ಮೂರು ಶಾಲೆಗಳ ಮಕ್ಕಳು ಈಗಲೂ ಕತ್ತಲಲ್ಲಿ ಕೂತಿದ್ದಾರೆ, ಅದೂ ಅವಳ ಸಹಿಯ ಕೆಳಗೆ.

ಮಾರನೆಯ ದಿನ ಮಧ್ಯಾಹ್ನ ಆ ಮೂರರಲ್ಲಿ ಮೊದಲನೆಯದಕ್ಕೆ ಹೋದಳು. ಅಲ್ಲಿಯ ಹೆಡ್‌ಮಾಸ್ತರು ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತಾ ಕೂತಿದ್ದರು. ಫಲಕಗಳ ಮಾತು ಎತ್ತುತ್ತಲೇ ಕಪಾಟು ತೆರೆದು ಫೈಲು ಹೊರತೆಗೆದರು.

"ಏನೂ ತೊಂದ್ರೆ ಇಲ್ಲಮ್ಮ, ನೋಡು, ಎಲ್ಲ ಸರಿಯಾಗಿದೆ ಅಂತ ಪರೀಕ್ಷೆ ಮಾಡಿ ಬರೆದಿದ್ದಾರೆ. ಸಹಿನೂ ಇದೆ. ಮಧ್ಯಾಹ್ನ ಬರದೇ ಇರೋದು ನಮ್ಮ ಹಣೆಬರಹ."

"ಹಣೆಬರಹ ಅಲ್ಲ ಸರ್, ನನ್ನ ಕೈಬರಹ. ಅದನ್ನ ಬರೆದವಳು ನಾನೇ. ಸುಳ್ಳು ಬರೆದಿದ್ದೆ."

ಗಾಳಿ ಹಾಕಿಕೊಳ್ಳುತ್ತಿದ್ದ ಪತ್ರಿಕೆ ನಿಂತಿತು. ಹೆಡ್‌ಮಾಸ್ತರು ಫೈಲನ್ನೊಮ್ಮೆ ಅವಳನ್ನೊಮ್ಮೆ ನೋಡಿದರು. ಮುಖ ಕೆಂಪಾಯಿತು.

"ಎಂಟು ತಿಂಗಳಾಯ್ತಲ್ಲಮ್ಮ! ಎಂಟು ತಿಂಗಳು ಮಕ್ಕಳನ್ನ ಕತ್ತಲಲ್ಲಿ ಕೂರಿಸಿದ್ಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

"ಆಗುತ್ತೆ ಸರ್. ಬೈಯೋದಿದ್ರೆ ಮೇಲೆ ಬಂದು ಬೈರಿ, ಬಿಸಿಲು ಇಳಿಯೋದ್ರೊಳಗೆ ಅಳೀಬೇಕು. ಏಣಿ ಎಲ್ಲಿದೆ?"