ರೋಗಿಯೇ ಇಲ್ಲದ ವಂಶವೃಕ್ಷ

ನನ್ನ ಎದೆಯ ಗಡ್ಡೆಯ ಆಪರೇಷನ್ನು, ಕೀಮೋ ಎಲ್ಲ ಮುಗಿದು ಬೋಳುತಲೆಯಲ್ಲಿ ಕೂದಲು ಚಿಗುರುವ ಹೊತ್ತಿಗೆ ಡಾಕ್ಟರು ಇನ್ನೊಂದು ಕೆಲಸ ಹಚ್ಚಿದರು. ನನಗೆ ಬಂದದ್ದು ಹಾರ್ಮೋನಿನ ಮಾತ್ರೆಗೆ ಜಗ್ಗದ, ಬೇಗ ಹರಡುವ ಜಾತಿ. ನಲವತ್ತರೊಳಗೆ ಇಂಥದ್ದು ಬಂದರೆ ವಂಶದಲ್ಲೇ ಕೆಟ್ಟ ಜೀನ್ ಇರಬಹುದಂತೆ. ಅದು ನನ್ನಲ್ಲಿದ್ದರೆ ತಂಗಿಯಲ್ಲೂ ಇರಬಹುದು. ಗೊತ್ತಾದರೆ ಅವಳು ಈಗಿನಿಂದಲೇ ಎಚ್ಚರವಾಗಿರಬಹುದು. ರಾಮಕೃಷ್ಣನಗರದ ತಂಗಿ ಮಾತ್ರ "ನನಗೆ ಗೊತ್ತಾಗೋದೇ ಬೇಡ ಕಣಕ್ಕ" ಎಂದು ಫೋನಿಟ್ಟಳು. ನನಗೆ ಕಾಯಿಲೆಗಿಂತ ಅವಳ ಮೇಲೇ ಸಿಟ್ಟು ಬಂತು.

ಜೀನ್ ಪರೀಕ್ಷೆಗೆ ಮೊದಲು ನಾನು ರಕ್ತ ಕೊಟ್ಟೆ. ವರದಿ ಬರುವ ದಿನ ಕುಟುಂಬದ ವಿವರ ತರಲು ಹೇಳಿದ್ದರು. "ವಂಶವೃಕ್ಷ ಬೇಕಂತೆ ಅಪ್ಪ" ಎಂದೆ. ರಿಟೈರ್ಡ್ ಹೆಡ್‌ಮೇಷ್ಟ್ರಾದ ಅಪ್ಪನಿಗೆ ಹುಮ್ಮಸ್ಸು ಬಂದುಬಿಟ್ಟಿತು. ಜಮೀನಿನ ಖಾತೆಗೆಂದು ಊರಿನಲ್ಲಿ ಹಿಂದೆ ಬರೆಸಿದ್ದ ವಂಶವೃಕ್ಷವನ್ನು ಟ್ರಂಕಿನಿಂದ ತೆಗೆದು, ಲಷ್ಕರ್ ಮೊಹಲ್ಲಾಕ್ಕೆ ಹೋಗಿ ಲ್ಯಾಮಿನೇಷನ್ ಮಾಡಿಸಿಕೊಂಡು ಬಂದರು.

ಆಸ್ಪತ್ರೆಯಲ್ಲಿ ಜೀನ್ ವಿಷಯ ತಿಳಿಸಿ ಹೇಳುವ ಹುಡುಗಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮುತ್ತಾತ, ತಾತ, ತಾತನ ನಾಲ್ಕು ಗಂಡುಮಕ್ಕಳು, ಅವರ ಗಂಡುಮಕ್ಕಳು.

"ಸಾರ್, ಹೆಣ್ಮಕ್ಕಳು ಎಲ್ಲಿ?"

"ಅವ್ರನ್ನೆಲ್ಲ ಮದ್ವೆ ಮಾಡಿ ಕೊಟ್ಬುಟ್ವಲ್ಲಮ್ಮ. ಅವ್ರೆಲ್ಲ ಬೇರೆ ಮನೆಯೋರು."

"ಇದರಲ್ಲಿ ರೋಗಿಯೇ ಇಲ್ಲವಲ್ಲ ಸಾರ್!"

ನಿಜ. ಇಬ್ಬರು ಹೆಣ್ಣುಮಕ್ಕಳ ಅಪ್ಪ ಆ ಹಾಳೆಯಲ್ಲಿ ಮಕ್ಕಳಿಲ್ಲದ ಮನುಷ್ಯ. ನನಗೆ ನಗು ತಡೆಯಲಾಗಲಿಲ್ಲ. ಅಪ್ಪ ಸೋಲಲಿಲ್ಲ. "ಹೆಂಗಸರ ಕಾಯ್ಲೆ ಅಂದ್ಮೇಲೆ ಇವ್ರಮ್ಮನ ಕಡೆಯಿಂದ್ಲೇ ಬಂದಿರುತ್ತೆ ಬಿಡಿ" ಎಂದರು. ಅದುವರೆಗೆ ಸುಮ್ಮನಿದ್ದ ಅಮ್ಮ ತಮ್ಮ ಕಡೆಯ ಮೂರು ತಲೆಮಾರನ್ನು ಒಂದೇ ಉಸಿರಿನಲ್ಲಿ ಒಪ್ಪಿಸಿದರು. ಸಕ್ಕರೆ ಕಾಯಿಲೆ, ಬಿಪಿ, ಹುಣಸೆ ಮರದಿಂದ ಬಿದ್ದ ಒಬ್ಬ ಮಾವ. ಕ್ಯಾನ್ಸರ್ ಒಂದೂ ಇಲ್ಲ. ಗೆದ್ದ ಮುಖದಲ್ಲಿ ಅಮ್ಮನೇ ಅಪ್ಪನ ಅಕ್ಕನಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದರು.

"ಅವ್ವ ಹೊಟ್ಟೆನೋವಲ್ಲಿ ಸತ್ತಿದ್ದಲ್ಲವಾ?" ಅಪ್ಪ ಕೇಳಿದರು.

"ಯಾವ ಹೊಟ್ಟೆನೋವ್ಲಾ?" ಅತ್ತೆಯ ದನಿ ಕೋಣೆ ತುಂಬಿತು. "ಎದೇಲಿ ಗಂಟಿತ್ತು. ಒಡೆದು ಹುಣ್ಣಾಗಿತ್ತು. ನಾನೇ ಸೊಪ್ಪು ಅರೆದು ಕಟ್ತಿದ್ದೆ. ಅವ್ವನ ತಂಗಿ ಚಿಕ್ಕವ್ವಂಗೂ ಅದೇಯ. ಗಂಡುಡುಗ್ರಿಗೆ ಅದನ್ನೆಲ್ಲ ಎಂಗೆ ಹೇಳೋದು?"

ಹುಡುಗಿ ಬೇರೆ ಹಾಳೆಯಲ್ಲಿ ಹೆಂಗಸರನ್ನೆಲ್ಲ ಒಬ್ಬೊಬ್ಬರಿಗೊಂದು ಗುಂಡು ಸುತ್ತಿ ಬರೆದಳು. ಆಮೇಲೆ ನನ್ನ ವರದಿ ತೆಗೆದಳು. ಬಿಆರ್‌ಸಿಎ ಒಂದು ಎನ್ನುವ ಜೀನಿನಲ್ಲಿ ದೋಷವಿತ್ತು. ಗಂಡಸರಿಗೆ ಅದರಿಂದ ಅಪಾಯ ಕಡಿಮೆಯಾದರೂ ಮಕ್ಕಳಿಗೆ ದಾಟಿಸಬಲ್ಲರು ಎಂದಳು. ಅಪ್ಪ ಆಗಲೇ ಅಂಗಿಯ ತೋಳು ಮಡಚಿದರು.

ಅವರ ವರದಿಯೂ ಹಾಗೇ ಬಂತು. ಅವತ್ತು ಅಪ್ಪ ಕೃಷ್ಣಮೂರ್ತಿಪುರಂನಿಂದ ಬಿಸಿಲಲ್ಲಿ ನಡೆದೇ ತಂಗಿಯ ಮನೆಗೆ ಹೋದರು. ಆಟೋ ಹತ್ತಿ ಎಂದರೆ ಕೇಳಲಿಲ್ಲ. ನಾನೂ ಗೊಣಗುತ್ತ ಹಿಂದೆ ನಡೆದೆ. ತಂಗಿ ಕೊಟ್ಟ ನೀರನ್ನೂ ಅಪ್ಪ ಮುಟ್ಟಲಿಲ್ಲ.

"ನಿಮ್ಮಕ್ಕಂಗೆ ಇದನ್ನ ಕೊಟ್ಟೋನು ನಾನೇ ಅಂತೆ ಕಣವ್ವ. ನಿಂಗೂ ಕೊಟ್ಟಿದ್ದೀನೋ ಇಲ್ವೋ, ನಂಗೆ ಗೊತ್ತಾಗ್ಬೇಕು. ನಂಗೋಸ್ಕರ ಕೊಡು ರಕ್ತವ."

ಮೂರು ತಿಂಗಳಿಂದ ನನಗೆ ಬಗ್ಗದವಳು ಎರಡೇ ನಿಮಿಷದಲ್ಲಿ ಒಪ್ಪಿದಳು.

ವರದಿ ಬಂದ ದಿನ ನಮ್ಮ ಬಾಗಿಲಲ್ಲಿ ನಿಂತು, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ, "ನಂಗಿಲ್ವಂತೆ ಕಣಕ್ಕ" ಎಂದಳು. ಎಷ್ಟು ಸಂತೋಷವಾಯಿತೆಂದರೆ ಹೊಸಿಲ ಮೇಲೇ ಕೂತುಬಿಟ್ಟೆ. ಸಾಸಿವೆ ಕಾಳಿನಷ್ಟು ಹೊಟ್ಟೆಕಿಚ್ಚೂ ಆಯಿತು. ಸುಳ್ಳೇಕೆ, ಅದನ್ನೂ ಅವಳಿಗೆ ಹೇಳಿಬಿಟ್ಟೆ.

"ಗೊತ್ತು ಕಣಕ್ಕ" ಎಂದು ಪಕ್ಕದಲ್ಲಿ ಕೂತಳು. "ನೀನೊಬ್ಳೇ ಆಗ್ಬುಟ್ಯಲ್ಲ ಅಂತ ದಾರಿಯುದ್ದಕ್ಕೂ ಅಳ್ತಾ ಬಂದೆ."